ರುಚಿಯ ಸಾಕ್ಷಿ

ಒಬ್ಬರು ಉಂಡ ರುಚಿಯನ್ನು ಮತ್ತೊಬ್ಬರಿಗೆ ಮಾತಿನ ಮೂಲಕ ಮುಟ್ಟಿಸಬಹುದೇ ಎಂಬ ಪ್ರಶ್ನೆ ಭಾರತೀಯ ಚಿಂತನೆಗೆ ಹಳೆಯದು. ಆಲಂಕಾರಿಕ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಕವಿಮಾರ್ಗಗಳ ನಡುವಣ ಸೂಕ್ಷ್ಮ ವ್ಯತ್ಯಾಸಗಳನ್ನು ಚರ್ಚಿಸುತ್ತ, ಕಬ್ಬು, ಹಾಲು, ಬೆಲ್ಲ ಮೂರೂ ಸಿಹಿಯೇ ಆದರೂ ಒಂದರ ಸಿಹಿಗೂ ಇನ್ನೊಂದರ ಸಿಹಿಗೂ ಬಹಳ ಅಂತರವಿದೆಯೆಂದೂ, ಆ ಅಂತರವನ್ನು ನುಡಿದು ತೋರಿಸುವುದು ಸರಸ್ವತಿಗೂ ಆಗದೆಂದೂ ಅಭಿಪ್ರಾಯಪಡುತ್ತಾನೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಇದೇ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ರಚಿತವಾದದ್ದರಿಂದ, ರುಚಿಯನ್ನು ಕುರಿತ ಈ ಸಂದೇಹ ಕನ್ನಡ ವಿಮರ್ಶೆಗೆ ಹೊರಗಿನದೇನಲ್ಲ. ದಂಡಿಯು ವಾಗ್ದೇವಿಯ ಶಕ್ತಿಗೂ ಮೀರಿದ್ದೆಂದ ಈ ಕೆಲಸವನ್ನು ಇಂದು ಬೆಂಗಳೂರಿನ ದರ್ಶಿನಿಗಳಲ್ಲಿ, ದಾವಣಗೆರೆಯ ಬೆಣ್ಣೆದೋಸೆಯ ಅಂಗಡಿಗಳಲ್ಲಿ, ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಮೊಬೈಲ್ ಹಿಡಿದು ಕುಳಿತ ಯುವಕ ಯುವತಿಯರು ನಿತ್ಯವೂ ಕೈಗೆತ್ತಿಕೊಳ್ಳುತ್ತಿದ್ದಾರೆ. ಹೋಟೆಲೊಂದರಲ್ಲಿ ಉಂಡು, ಆ ತಿಂಡಿಯನ್ನೂ ತಿನ್ನುವ ತಮ್ಮನ್ನೂ ಚಿತ್ರೀಕರಿಸಿ, ಅಲ್ಲಿಗೆ ಹೋಗಬಹುದೇ ಬೇಡವೇ ಎಂದು ಅಭಿಪ್ರಾಯ ಹೇಳುವ ಇಂಥ ವೀಡಿಯೊ ವಿಮರ್ಶೆಗಳನ್ನು ಲಘುವಾದ ಮನರಂಜನೆಯೆಂದು ಬದಿಗಿಡುವುದು ಸುಲಭ. ಆದರೆ ಅವುಗಳನ್ನು ನಂಬಿ ಜನ ಹಣ ತೆರುತ್ತಾರೆ, ಊರಿಂದೂರಿಗೆ ಹೋಗುತ್ತಾರೆ, ಮಕ್ಕಳಿಗೆ ಉಣಿಸುತ್ತಾರೆ. ಆದ್ದರಿಂದ ಅವುಗಳಲ್ಲಿ ಒಳ್ಳೆಯದು ಯಾವುದು, ಏಕೆ ಒಳ್ಳೆಯದು ಎಂಬ ವಿಚಾರ ಜ್ಞಾನಮೀಮಾಂಸೆಗೂ ಧರ್ಮಕ್ಕೂ ಸಂಬಂಧಿಸಿದ್ದು.

ಭಾರತೀಯ ತರ್ಕಶಾಸ್ತ್ರ ಯಥಾರ್ಥವಾದ ಅರಿವಿನ ಸಾಧನವನ್ನು ‘ಪ್ರಮಾಣ’ವೆಂದು ಕರೆಯುತ್ತದೆ. ಗೌತಮನ ನ್ಯಾಯದರ್ಶನದಲ್ಲಿ ಇಂಥವು ನಾಲ್ಕು: ಇಂದ್ರಿಯಗಳಿಂದ ನೇರವಾಗಿ ಆಗುವ ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನ, ತಿಳಿದದ್ದರ ಹೋಲಿಕೆಯಿಂದ ತಿಳಿಯದ್ದನ್ನು ಗುರುತಿಸುವ ಉಪಮಾನ, ನಂಬಲರ್ಹರಾದವರ ಮಾತಾದ ಶಬ್ದ. ಬರಹದಲ್ಲಿರುವ ಹೋಟೆಲ್ ವಿಮರ್ಶೆ ಶಬ್ದಪ್ರಮಾಣಕ್ಕೆ ಸೇರುತ್ತದೆಂಬುದರಲ್ಲಿ ಯಾರಿಗೂ ಗೊಂದಲವಿಲ್ಲ, ಏಕೆಂದರೆ ಓದುವವರ ಕಣ್ಣೆದುರಿಗೆ ಅಕ್ಷರಗಳಲ್ಲದೆ ಬೇರೇನೂ ಇರುವುದಿಲ್ಲ. ವೀಡಿಯೊ ಹಾಗಲ್ಲ. ಕಾವಲಿಯ ಮೇಲೆ ಹಿಟ್ಟು ಹರಡುವುದು, ಆವಿ ಏಳುವುದು, ಬೆಣ್ಣೆ ಕರಗಿ ಅಂಚಿಗೆ ಹರಿಯುವುದು ಎಲ್ಲವೂ ಕಣ್ಣಿಗೆ ಬೀಳುವುದರಿಂದ ನೋಡುಗರಿಗೆ ತಾವೇ ಕಂಡೆವೆಂಬ ಭಾವನೆ ಬರುತ್ತದೆ. ಕಂಡೆವೆಂಬ ಭಾವನೆಯ ಬೆನ್ನಿಗೇ ತಿಳಿದೆವೆಂಬ ಭಾವನೆಯೂ ಬರುತ್ತದೆ. ವಾಸ್ತವದಲ್ಲಿ ಅವರು ಕಂಡದ್ದು ತಿಂಡಿಯ ಮೈಬಣ್ಣವನ್ನು ಮಾತ್ರ. ಅದರ ರುಚಿಯ ಬಗ್ಗೆ ಅವರಿಗೆ ದೊರೆತದ್ದು ಮತ್ತೊಬ್ಬರ ಮಾತು. ಶಬ್ದಪ್ರಮಾಣವು ಪ್ರತ್ಯಕ್ಷದ ವೇಷದಲ್ಲಿ ಬರುವುದು ಈ ಪ್ರಕಾರದ ಮೂಲ ತೊಡಕು. ತಾನು ಆಡುವುದು ಸಾಕ್ಷಿಯ ಮಾತೆಂಬುದನ್ನು ಮರೆಮಾಡದೆ, ಸಾಕ್ಷಿಗೆ ಇರಬೇಕಾದ ಹೊಣೆಯನ್ನು ಹೊತ್ತುಕೊಳ್ಳುವ ವೀಡಿಯೊವನ್ನೇ ಒಳ್ಳೆಯ ವಿಮರ್ಶೆ ಎನ್ನಬೇಕಾಗುತ್ತದೆ.

ಊಟವೊಂದರಲ್ಲಿ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡಲು ಕನ್ನಡದ ಶರಣಪರಂಪರೆ ಒಂದು ಸೂಕ್ಷ್ಮವಾದ ವಿಂಗಡಣೆಯನ್ನು ಒದಗಿಸುತ್ತದೆ. ವೀರಶೈವ ಸಿದ್ಧಾಂತದಲ್ಲಿ ‘ಅರ್ಪಿತ’ವೆಂದರೆ ಭಕ್ತನು ತಾನು ಭೋಗಿಸುವ ಪದಾರ್ಥವನ್ನು ಮೊದಲು ಲಿಂಗಕ್ಕೆ ಸಲ್ಲಿಸಿ ಪ್ರಸಾದವಾಗಿ ಸ್ವೀಕರಿಸುವುದು. ಅಲ್ಲಿ ಪದಾರ್ಥದ ರೂಪವು ಇಷ್ಟಲಿಂಗಕ್ಕೂ, ರುಚಿಯು ಪ್ರಾಣಲಿಂಗಕ್ಕೂ, ತೃಪ್ತಿಯು ಭಾವಲಿಂಗಕ್ಕೂ ಸಲ್ಲುತ್ತದೆಂದು ಹೇಳಲಾಗಿದೆ. ಈ ಸಿದ್ಧಾಂತದ ಆಧ್ಯಾತ್ಮಿಕ ಉದ್ದೇಶ ಬೇರೆಯೇ ಆದರೂ, ರೂಪ, ರುಚಿ, ತೃಪ್ತಿ ಎಂಬ ಮೂರು ಒಂದೇ ತುತ್ತಿನಲ್ಲಿ ಬೇರೆ ಬೇರೆಯಾಗಿ ಇವೆ, ಒಂದನ್ನು ಪಡೆದದ್ದರಿಂದ ಮತ್ತೊಂದನ್ನು ಪಡೆದಂತಾಗುವುದಿಲ್ಲ ಎಂಬ ಅದರ ಒಳನೋಟ ಪ್ರಸ್ತುತ ವಿಚಾರಕ್ಕೆ ನೇರವಾಗಿ ಒದಗುತ್ತದೆ. ಕ್ಯಾಮೆರಾಗೆ ದಕ್ಕುವುದು ಮೊದಲನೆಯದು. ಎರಡನೆಯದಕ್ಕೆ ಉಂಡವರ ನಾಲಿಗೆ ಬೇಕು. ಮೂರನೆಯದನ್ನು ಅರಿಯಬೇಕಾದರೆ ಊಟ ಮುಗಿದು ಒಂದಷ್ಟು ಹೊತ್ತು ಕಳೆಯಬೇಕು, ಮತ್ತು ಅದು ಹೋಟೆಲಿಗೂ ಉಂಡವರ ಬದುಕಿಗೂ ಇರುವ ಸಂಬಂಧವನ್ನು ಅವಲಂಬಿಸಿರುತ್ತದೆ.

ರೂಪ ಕಡಿಮೆಯದೆಂದು ಇದರಿಂದ ತಿಳಿಯಬೇಕಾಗಿಲ್ಲ. ಬಲ್ಲ ಕಣ್ಣಿಗೆ ರೂಪವು ರುಚಿಯ ಅನೇಕ ಕಾರಣಗಳನ್ನು ಒಪ್ಪಿಸಿಬಿಡುತ್ತದೆ. ಇಡ್ಲಿಯನ್ನು ಕೈಯಲ್ಲಿ ಮುರಿದು ಅದರ ಒಳಮೈಯನ್ನು ಹತ್ತಿರದಿಂದ ತೋರಿಸಿದರೆ ಸಣ್ಣ ಸಣ್ಣ ರಂಧ್ರಗಳು ಸಮನಾಗಿ ಹರಡಿವೆಯೇ ಎಂಬುದು ಕಾಣುತ್ತದೆ. ಹಿಟ್ಟು ರಾತ್ರಿಯಿಡೀ ಹುದುಗುವಾಗ ಲ್ಯೂಕೊನಾಸ್ಟಾಕ್ ಎಂಬ ಜಾತಿಯ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವೇ ಆ ರಂಧ್ರಗಳಿಗೆ ಕಾರಣವಾದ್ದರಿಂದ, ನೋಡುವವರು ಇಡ್ಲಿಯನ್ನು ಬಾಯಿಗಿಡದೆಯೂ ಹಿಟ್ಟು ಚೆನ್ನಾಗಿ ಹುದುಗಿತ್ತೇ ಎಂದು ಅನುಮಾನಪ್ರಮಾಣದಿಂದ ತಿಳಿಯಬಲ್ಲರು. ದೋಸೆಯ ಕಾವಲಿಗೆ ತಾಗಿದ ಮೈ ಎಲ್ಲೆಡೆ ಒಂದೇ ಹದಕ್ಕೆ ಕೆಂಪಾಗಿದೆಯೇ, ಪಲ್ಯದ ಆಲೂಗಡ್ಡೆ ಪೂರ್ತಿ ಕಲಸಿಹೋಗಿದೆಯೇ, ಸಾಂಬಾರಿನ ಬೇಳೆ ಕರಗಿ ಒಂದಾಗಿದೆಯೇ ಅಥವಾ ನೀರು ಮೇಲೆ ನಿಂತು ಬೇಳೆ ತಳಕ್ಕಿಳಿದಿದೆಯೇ, ಚಟ್ನಿಯ ಬಟ್ಟಲು ಎಷ್ಟು ಹೊತ್ತಿನಿಂದ ತೆರೆದಿದೆ ಎಂಬುದನ್ನೆಲ್ಲ ನೂರು ಮಾತುಗಳಿಗಿಂತ ಒಂದು ಸ್ಥಿರವಾದ ದೃಶ್ಯ ಚೆನ್ನಾಗಿ ಹೇಳುತ್ತದೆ. ದಾವಣಗೆರೆಯ ಬೆಣ್ಣೆದೋಸೆ ಮೆತ್ತಗೂ ದಪ್ಪಗೂ ಇರುವುದನ್ನೂ, 1943ರಲ್ಲಿ ಆರಂಭವಾದ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮಸಾಲೆದೋಸೆ ಹೊರಮೈ ಗರಿಗರಿಯಾಗಿ ಒಳಮೈ ಮೆದುವಾಗಿ ಇರುವುದನ್ನೂ ಬೆರಳಿನಿಂದ ಮುರಿದು ತೋರಿಸಿದಾಗ, ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಸಲ್ಲದೆಂದು ನೋಡುಗರಿಗೆ ತಾನಾಗಿ ಹೊಳೆಯುತ್ತದೆ. ವೀಡಿಯೊ ನಿಜಕ್ಕೂ ಪ್ರತ್ಯಕ್ಷವನ್ನು ಒದಗಿಸುವ ಜಾಗ ಇದು. ಬಹುತೇಕ ವಿಮರ್ಶೆಗಳು ಇಲ್ಲಿ ಎರಡು ಕ್ಷಣ ನಿಂತು ವಿಮರ್ಶಕರ ಮುಖದತ್ತ ತಿರುಗಿಬಿಡುತ್ತವೆಂಬುದು ದುಃಖದ ಸಂಗತಿ.

ರೂಪಕ್ಕೆ ಇರುವ ಈ ಶಕ್ತಿಯೇ ಅಪಾಯವೂ ಹೌದು. ಕ್ಯಾಮೆರಾ ಗಾಢವಾದ ಬಣ್ಣವನ್ನು ಮೆಚ್ಚುತ್ತದೆ, ಮಂಕಾದ ಬಣ್ಣವನ್ನು ಒಲ್ಲದು. ಮನೆಯ ಹುರುಳಿ ಸಾರು ಎಷ್ಟೇ ರುಚಿಯಾಗಿದ್ದರೂ ಪರದೆಯ ಮೇಲೆ ಕಂದು ನೀರಿನಂತೆ ಕಾಣುತ್ತದೆ, ಕೆಂಪು ಬಣ್ಣ ಬೆರೆಸಿದ ಗೋಬಿ ಮಂಚೂರಿ ಹೊಳೆಯುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಕೋಳಿ ಮತ್ತು ಮೀನಿನ ಕಬಾಬುಗಳಿಗೂ ಆ ನಿಷೇಧ ವಿಸ್ತರಿಸಿತು. ಬಣ್ಣ ಬೆರೆಸುವ ಚಾಳಿ ವೀಡಿಯೊಗಳಿಗಿಂತ ಹಳೆಯದಾದರೂ, ಕಣ್ಣಿಗೆ ಹೊಡೆಯುವ ತಿಂಡಿಗೇ ಹೆಚ್ಚು ನೋಟಗಳು ಸಿಗುವ ವ್ಯವಸ್ಥೆಯಲ್ಲಿ ಬಣ್ಣದ ಬಗ್ಗೆ ಪ್ರಶ್ನೆ ಕೇಳದೆ ಅದನ್ನು ಹೊಗಳುವ ವಿಮರ್ಶಕರು ಆ ಚಾಳಿಗೆ ನೀರೆರೆಯುತ್ತಾರೆ. ಧ್ವನಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲೂಗಡ್ಡೆ ಚಿಪ್ಸ್ ಕಡಿಯುವಾಗಿನ ಸದ್ದನ್ನು ಹೆಡ್‌ಫೋನಿನಲ್ಲಿ ಹೆಚ್ಚಿಸಿ ಕೇಳಿಸಿದರೆ ತಿನ್ನುವವರಿಗೆ ಅದೇ ಚಿಪ್ಸ್ ಇನ್ನಷ್ಟು ಗರಿಗರಿಯಾಗಿದೆ ಎನಿಸುತ್ತದೆಂದು ತೋರಿಸಿದರು. ತಿನ್ನುತ್ತಿರುವವರನ್ನೇ ಸದ್ದು ಹೀಗೆ ಬದಲಿಸಬಲ್ಲದಾದರೆ, ಬರಿದೇ ನೋಡುತ್ತಿರುವವರನ್ನು ಅದು ಎತ್ತ ಬೇಕಾದರೂ ಒಯ್ಯಬಲ್ಲದು. ಉದ್ದಿನವಡೆಯ ಸದ್ದನ್ನು ಸಂಕಲನದ ಮೇಜಿನ ಮೇಲೆ ಏರಿಸುವುದು ಅಲಂಕಾರದಂತೆ ತೋರಿದರೂ, ಸಾಕ್ಷಿಯ ದೃಷ್ಟಿಯಿಂದ ನೋಡಿದರೆ ಅದು ಕಂಡದ್ದಕ್ಕಿಂತ ಹೆಚ್ಚು ಹೇಳಿದಂತೆ.

ರುಚಿಯನ್ನು ಹೇಳುವ ಬಗೆಗೆ ಬಂದಾಗ ವೀಡಿಯೊ ವಿಮರ್ಶಕರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ. ಮೊದಲನೆಯದು ಮುಖಚರ್ಯೆ: ಕಣ್ಣು ಮುಚ್ಚುವುದು, ತಲೆಯಾಡಿಸುವುದು, ಒಂದು ಕ್ಷಣ ಸ್ತಬ್ಧರಾಗುವುದು. ಭರತನ ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಇವು ‘ಅನುಭಾವ’ಗಳು, ಎಂದರೆ ಒಳಗಿನ ಭಾವವು ಹೊರಗೆ ಕಾಣಿಸಿಕೊಳ್ಳುವ ಚಿಹ್ನೆಗಳು. ಭಾವಕ್ಕೆ ಕಾರಣವಾದದ್ದನ್ನು ಆ ಶಾಸ್ತ್ರ ‘ವಿಭಾವ’ವೆಂದು ಕರೆಯುತ್ತದೆ, ವಿಭಾವವಿಲ್ಲದೆ ಬರೀ ಅನುಭಾವದಿಂದ ರಸ ಒದಗುವುದಿಲ್ಲ. ಇನ್ನೊಂದು ತೊಂದರೆ ಕಾಲದ್ದು. ಜನರು ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ನಾಲಿಗೆಯದಲ್ಲ, ಆಹಾರವನ್ನು ಅಗಿಯುವಾಗ ಮತ್ತು ನುಂಗಿ ಉಸಿರು ಬಿಡುವಾಗ ಗಂಟಲಿನ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳದ್ದು; ಆದ್ದರಿಂದ ತುತ್ತು ಬಾಯಿಗೆ ಬಿದ್ದ ಮರುಕ್ಷಣವೇ ಅರಳುವ ಮುಖ ಪೂರ್ಣ ರುಚಿಯ ಫಲವಾಗಿರುವ ಸಾಧ್ಯತೆ ಕಡಿಮೆ, ಅದು ಮೊದಲೇ ಸಿದ್ಧವಾಗಿದ್ದ ಅಭಿನಯವಾಗಿರಬಹುದು. ಎರಡನೆಯ ದಾರಿ ಹೊಗಳಿಕೆಯ ಪದಗಳದ್ದು. ಸೂಪರ್, ಅದ್ಭುತ, ಬೆಂಕಿ, ಬೇರೆ ಲೆವೆಲ್ ಎಂಬ ಮಾತುಗಳು ಎಲ್ಲ ಹೋಟೆಲುಗಳ ಮೇಲೂ ಒಂದೇ ಸಮನೆ ಸುರಿಯುತ್ತವೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ಶೃಂಗಾರ ಮೊದಲಾದ ರಸಗಳ ಹೆಸರು ಹೇಳಿದ ಮಾತ್ರಕ್ಕೆ ಓದುಗನಲ್ಲಿ ಆ ರಸ ಹುಟ್ಟುವುದಿಲ್ಲ, ವಿಭಾವಾದಿಗಳನ್ನು ಕಟ್ಟಿಕೊಟ್ಟಾಗ ಹೆಸರೆತ್ತದೆಯೂ ಅದು ಧ್ವನಿತವಾಗುತ್ತದೆ ಎಂದು ಸ್ಥಾಪಿಸಿದನು. ಕಾವ್ಯಕ್ಕೆ ಹೇಳಿದ ಈ ಮಾತು ಕೇಸರಿಬಾತಿಗೂ ಪೂರ್ತಿ ಅನ್ವಯಿಸುತ್ತದೆ.

ಈ ಎರಡು ದಾರಿಗಳೂ ಏಕೆ ಸೋಲುತ್ತವೆಂಬುದಕ್ಕೆ ಇನ್ನೂ ಆಳವಾದ ವಿವರಣೆ ಉಡುಪಿಯ ನೆಲದಿಂದಲೇ ಬಂದಿದೆ. ದಕ್ಷಿಣ ಭಾರತದ ಹೋಟೆಲ್ ಪರಂಪರೆಗೆ ತನ್ನ ಹೆಸರನ್ನು ಕೊಟ್ಟ ಉಡುಪಿಯು ಮಧ್ವಾಚಾರ್ಯರ ದ್ವೈತ ದರ್ಶನದ ನೆಲೆಯೂ ಹೌದು. ಆ ದರ್ಶನದಲ್ಲಿ ‘ಸಾಕ್ಷಿ’ಯೆಂದರೆ ಆತ್ಮನ ಸ್ವರೂಪವೇ ಆದ ಇಂದ್ರಿಯ, ಸುಖ, ದುಃಖ, ಕಾಲ ಮೊದಲಾದವುಗಳನ್ನು ಅದು ನೇರವಾಗಿ ಅರಿಯುತ್ತದೆ, ಮತ್ತು ಆ ಅರಿವಿನಲ್ಲಿ ತಪ್ಪು ನುಸುಳಲಾರದು. ಕಣ್ಣು, ಕಿವಿ, ನಾಲಿಗೆ ಮೊದಲಾದ ಹೊರ ಇಂದ್ರಿಯಗಳ ಅರಿವಿನಲ್ಲಿಯಾದರೋ ದೋಷ ಬರಬಹುದು, ಆದ್ದರಿಂದ ಅದು ಪರೀಕ್ಷೆಗೆ ಒಳಗಾಗಬೇಕಾದದ್ದು. ಈ ಭೇದವನ್ನು ಹೋಟೆಲಿನ ಮೇಜಿಗೆ ತಂದರೆ, ದೋಸೆ ತಿಂದವರು ತಮಗೆ ಸುಖವಾಯಿತೆಂದು ಹೇಳಿದಾಗ ಅದನ್ನು ಅಲ್ಲಗಳೆಯಲು ಯಾರಿಂದಲೂ ಆಗದು, ಏಕೆಂದರೆ ಅದು ಸಾಕ್ಷಿವೇದ್ಯ. ಅಲ್ಲಗಳೆಯಲಾಗದ ಈ ಮಾತಿನಿಂದ ಕೇಳುವವರಿಗೆ ಪ್ರಯೋಜನವೂ ಇಲ್ಲ. ಆ ಸುಖ ಹೇಳಿದವರದೇ ಆಗಿ ಉಳಿಯುತ್ತದೆ. ಹಿಟ್ಟು ಅಗತ್ಯಕ್ಕಿಂತ ಹೆಚ್ಚು ಹುಳಿ ಏರಿತ್ತು, ಒಗ್ಗರಣೆಯ ಸಾಸಿವೆ ಸಿಡಿಯುವ ಮೊದಲೇ ಸುರಿದಿದ್ದರು, ಕಾಫಿಯ ಡಿಕಾಕ್ಷನ್ ಮತ್ತೆ ಕಾಯಿಸಿದ್ದು, ತುಪ್ಪದಲ್ಲಿ ಡಾಲ್ಡಾದ ವಾಸನೆಯಿತ್ತು ಎಂಬ ಮಾತುಗಳು ತಪ್ಪಾಗಿರುವ ಸಾಧ್ಯತೆ ಇದೆ. ಬೇರೊಬ್ಬರು ಹೋಗಿ ನೋಡಿ ಒಪ್ಪಬಹುದು, ನಿರಾಕರಿಸಬಹುದು, ಅಡಿಗೆಯವರು ಕೇಳಿ ತಿದ್ದಿಕೊಳ್ಳಬಹುದು. ಒಳ್ಳೆಯ ವಿಮರ್ಶೆ ತಪ್ಪಾಗುವ ಅಪಾಯವನ್ನು ಹೀಗೆ ಮೈಮೇಲೆ ಎಳೆದುಕೊಳ್ಳುತ್ತದೆ. ಸುಖದ ಘೋಷಣೆಯಲ್ಲಿಯೇ ನಿಲ್ಲುವ ವಿಮರ್ಶೆ ಯಾವ ಅಪಾಯವನ್ನೂ ಎದುರಿಸುವುದಿಲ್ಲ, ಆದ್ದರಿಂದ ಯಾವ ಅರಿವನ್ನೂ ಕೊಡುವುದಿಲ್ಲ.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಮಾನದಂಡವನ್ನು ಕುರಿತು ಬರೆದ ಪ್ರಬಂಧದಲ್ಲಿ ಇದೇ ವಿಷಯವನ್ನು ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಒಂದು ಪ್ರಸಂಗದ ಮೂಲಕ ವಿವರಿಸುತ್ತಾನೆ. ಪೀಪಾಯಿಯೊಂದರ ದ್ರಾಕ್ಷಾರಸವನ್ನು ಸವಿದ ಇಬ್ಬರಲ್ಲಿ ಒಬ್ಬ ಅದು ಚೆನ್ನಾಗಿದೆ, ಆದರೆ ಚರ್ಮದ ಸೋಂಕಿದೆ ಎನ್ನುತ್ತಾನೆ. ಮತ್ತೊಬ್ಬ ಚೆನ್ನಾಗಿದೆ, ಆದರೆ ಕಬ್ಬಿಣದ ಸೋಂಕಿದೆ ಎನ್ನುತ್ತಾನೆ. ಸುತ್ತಲಿನವರು ಇಬ್ಬರನ್ನೂ ಗೇಲಿ ಮಾಡುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಬೀಗದಕೈಯೊಂದು ಸಿಗುತ್ತದೆ. ಆ ಇಬ್ಬರ ಮಾತೂ ನಿಜವಾದದ್ದು ಅವರು ದ್ರಾಕ್ಷಾರಸವನ್ನು ಮೆಚ್ಚಿದ್ದರಿಂದಲ್ಲ, ಅದರೊಳಗೆ ಇದ್ದ ಏನನ್ನೋ ಹೆಸರಿಸಿದ್ದರಿಂದ. ಹೀಗೆ ಹೆಸರಿಸಲು ಕನ್ನಡ ನುಡಿಯಲ್ಲಿ ಕೊರತೆಯೇನೂ ಇಲ್ಲ: ಒಗರು, ಘಾಟು, ಕಮಟು, ಮುಗ್ಗಲು, ಸಪ್ಪೆ, ಹಸಿವಾಸನೆ, ಸೀದದ್ದು, ಉದುರುದುರಾದದ್ದು, ಜಿಗುಟಾದದ್ದು ಎಂದು ಅಡಿಗೆಮನೆಗಳಲ್ಲಿ ದಿನವೂ ಆಡುವ ಪದಗಳು ಕ್ಯಾಮೆರಾದ ಮುಂದೆ ಕುಳಿತಾಗ ಮಾತ್ರ ಏಕೋ ಮಾಯವಾಗಿಬಿಡುತ್ತವೆ. ಉಪಮಾನಪ್ರಮಾಣ ನೆರವಿಗೆ ಬರುವುದೂ ಇಲ್ಲಿಯೇ. ಕಾಡುಪ್ರಾಣಿಯಾದ ಗವಯ ಹಸುವಿನಂತಿರುತ್ತದೆ ಎಂದು ಕೇಳಿದ್ದವನು ಕಾಡಿನಲ್ಲಿ ಅದನ್ನು ಕಂಡಾಗ ಗುರುತಿಸುತ್ತಾನೆ ಎಂಬುದು ನೈಯಾಯಿಕರ ಪ್ರಸಿದ್ಧ ಉದಾಹರಣೆ; ಹಾಗೆಯೇ ನೋಡುಗರಿಗೆ ಪರಿಚಿತವಾದ ಯಾವುದೋ ಹೋಟೆಲಿನ ಸಾಗು ಅಥವಾ ಖಾರಾಬಾತಿನ ಪಕ್ಕದಲ್ಲಿ ಹೊಸದನ್ನು ಇಟ್ಟು, ಅದಕ್ಕಿಂತ ತೆಳು, ಅದಕ್ಕಿಂತ ಚಕ್ಕೆ ಲವಂಗ ಮುಂದು ಎಂದು ಹೇಳಿದಾಗ ದಂಡಿಯ ಸಂದೇಹಕ್ಕೆ ಪೂರ್ತಿಯಾಗಿ ಅಲ್ಲದಿದ್ದರೂ ಬಹಳ ಮಟ್ಟಿಗೆ ಉತ್ತರ ಸಿಗುತ್ತದೆ.

ಯಾರ ಮಾತನ್ನು ಶಬ್ದಪ್ರಮಾಣವೆಂದು ಒಪ್ಪಬೇಕೋ ಅವನನ್ನು ನ್ಯಾಯಶಾಸ್ತ್ರ ‘ಆಪ್ತ’ನೆಂದು ಕರೆಯುತ್ತದೆ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ವಿವರಣೆಯಂತೆ, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನು ಆಪ್ತ; ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಈ ಲಕ್ಷಣ ಸಮಾನ. ಪಾಕಶಾಲೆಯಲ್ಲಿ ಓದಿದವರೋ ಪಂಚತಾರಾ ಹೋಟೆಲುಗಳಲ್ಲಿ ಪಳಗಿದವರೋ ಮಾತ್ರ ವಿಮರ್ಶಿಸಬೇಕೆಂಬ ಆಕ್ಷೇಪಕ್ಕೆ ಇಲ್ಲಿ ಬಲವಾದ ಉತ್ತರವಿದೆ: ಆಟೋ ಓಡಿಸುತ್ತ ಮೂವತ್ತು ವರ್ಷ ಊರಿನ ತಿಂಡಿ ತಿಂದವರೂ ಆಪ್ತರಾಗಬಲ್ಲರು. ಆದರೆ ಆಪ್ತತ್ವವನ್ನು ಕೆಡಿಸುವ ದೋಷಗಳನ್ನು ಪರಂಪರೆ ನಾಲ್ಕಾಗಿ ಎಣಿಸಿದೆ. ಅವುಗಳಲ್ಲಿ ‘ಭ್ರಮ’ವೆಂದರೆ ಒಂದನ್ನು ಇನ್ನೊಂದಾಗಿ ತಿಳಿಯುವುದು, ಹಳೆಯ ಹೋಟೆಲೆಂಬ ಅಭಿಮಾನ ಬಾಲ್ಯದ ನೆನಪನ್ನು ಇಂದಿನ ರುಚಿಯೆಂದು ತಿಳಿಯುವಂತೆ ಮಾಡುವಾಗ ಇದು ಕಾಣಿಸಿಕೊಳ್ಳುತ್ತದೆ. ‘ಕರಣಾಪಾಟವ’ವೆಂದರೆ ಇಂದ್ರಿಯಗಳ ಅಸಾಮರ್ಥ್ಯ, ಒಂದೇ ಬೆಳಗ್ಗೆ ಆರೇಳು ಹೋಟೆಲುಗಳನ್ನು ಸುತ್ತಿ ಚಿತ್ರೀಕರಿಸುವವರ ನಾಲಿಗೆ ಮೂರನೆಯ ಕಡೆಗೆ ಹೋಗುವಷ್ಟರಲ್ಲಿಯೇ ಎಣ್ಣೆಯಿಂದಲೂ ಖಾರದಿಂದಲೂ ಜಡವಾಗಿರುತ್ತದೆ.

‘ಪ್ರಮಾದ’ವೆಂದರೆ ಅಜಾಗರೂಕತೆ, ಮತ್ತು ಇದು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ದೊಡ್ಡ ದೋಷ. ವಿಮರ್ಶಕರು ತಿಂದ ದೋಸೆ ಅವರೊಂದಿಗೇ ಮುಗಿದುಹೋಯಿತು. ನೋಡುಗರು ಹೋದಾಗ ಸಿಗುವುದು ಬೇರೆ ದಿನದ, ಬೇರೆ ಹಿಟ್ಟಿನ, ಬಹುಶಃ ಬೇರೆ ಕೈಯ ದೋಸೆ. ಹೀಗಿರುವಾಗ ಒಂದು ದೋಸೆಯಿಂದ ಆ ಹೋಟೆಲಿನ ಎಲ್ಲ ದೋಸೆಗಳ ಬಗ್ಗೆ ಹೇಳುವುದು ಅನುಮಾನವೇ ಆಗುತ್ತದೆ, ಮತ್ತು ಅನುಮಾನಕ್ಕೆ ‘ವ್ಯಾಪ್ತಿ’, ಎಂದರೆ ಎರಡು ಸಂಗತಿಗಳು ತಪ್ಪದೆ ಒಟ್ಟಿಗಿರುತ್ತವೆಂಬ ನಿಶ್ಚಯ, ಬೇಕು. ಆ ನಿಶ್ಚಯಕ್ಕೆ ಶಾಸ್ತ್ರಕಾರರು ಸೂಚಿಸುವ ಉಪಾಯಗಳಲ್ಲಿ ಒಂದು ‘ಭೂಯೋದರ್ಶನ’, ಮತ್ತೆ ಮತ್ತೆ ನೋಡುವುದು. 1957ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಆಹಾರ ವಿಭಾಗದ ಸಂಪಾದಕನಾದ ಕ್ರೇಗ್ ಕ್ಲೇಬೋರ್ನ್ ನೆಲೆಗೊಳಿಸಿದ ಪದ್ಧತಿಯೂ ಇದೇ: ವಿಮರ್ಶಕ ಗುರುತು ಹೇಳದೆ ಹೋಗಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು, ಬಿಲ್ಲನ್ನು ಪತ್ರಿಕೆ ತೆರಬೇಕು. ವೀಡಿಯೊದವರಿಗೆ ಗುರುತು ಮರೆಸುವುದು ಹೆಚ್ಚುಕಡಿಮೆ ಅಸಾಧ್ಯ, ಏಕೆಂದರೆ ಅವರ ಮುಖವೇ ಅವರ ಬಂಡವಾಳ. ಕ್ಯಾಮೆರಾ ಕಂಡೊಡನೆ ಕ್ಯಾಷಿಯರ್ ಅಡಿಗೆಮನೆಗೆ ಸುದ್ದಿ ಮುಟ್ಟಿಸುತ್ತಾರೆ, ಬೆಣ್ಣೆಯ ಮುದ್ದೆ ದೊಡ್ಡದಾಗುತ್ತದೆ. ಆದ್ದರಿಂದ ಕ್ಯಾಮೆರಾ ಇಲ್ಲದೆ ಎರಡು ಮೂರು ಬಾರಿ ಉಂಡು, ವಾರದ ದಿನ ಮಧ್ಯಾಹ್ನದ ಸಾಂಬಾರು ಹೇಗಿತ್ತು, ಭಾನುವಾರದ ನೂಕುನುಗ್ಗಲಿನಲ್ಲಿ ಹೇಗಿತ್ತು ಎಂದು ನೋಡಿಕೊಂಡು, ಕೊನೆಯ ಸಲ ಮಾತ್ರ ಚಿತ್ರೀಕರಿಸಿ, ಎಷ್ಟು ಸಲ ಬಂದೆವೆಂಬುದನ್ನು ವೀಡಿಯೊದಲ್ಲಿಯೇ ತಿಳಿಸುವ ವಿಮರ್ಶಕರಿಗೆ ಹೆಚ್ಚಿನ ಆಪ್ತತ್ವ ಸಲ್ಲುತ್ತದೆ.

ನಾಲ್ಕನೆಯ ದೋಷ ‘ವಿಪ್ರಲಿಪ್ಸೆ’, ವಂಚಿಸುವ ಇಚ್ಛೆ. ಹಣ ಪಡೆದು ಅಥವಾ ಪುಕ್ಕಟೆ ಉಂಡು ಹೊಗಳುವುದೆಲ್ಲ ವಂಚನೆಯಾಗಬೇಕಿಲ್ಲ. ಅದನ್ನು ಮುಚ್ಚಿಟ್ಟು ಹೊಗಳುವುದು ವಂಚನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಮಾಧ್ಯಮದವರಿಗೆಂದೇ ಪ್ರಕಟಿಸಿದ ಸೂಚನೆಗಳಲ್ಲಿ, ಹಣವಷ್ಟೇ ಅಲ್ಲದೆ ಉಚಿತ ವಸ್ತು, ಪ್ರವಾಸ, ವಸತಿ ಮೊದಲಾದ ಯಾವುದೇ ಲಾಭ ಪಡೆದಿದ್ದರೂ ಅದನ್ನು ವೀಡಿಯೊದ ದೃಶ್ಯದಲ್ಲಿಯೂ ಮಾತಿನಲ್ಲಿಯೂ ತಿಳಿಸಬೇಕೆಂದು ಹೇಳಿತು. ಇದು ಕಾನೂನಿನ ಮಾತಷ್ಟೇ ಅಲ್ಲ, ಧರ್ಮದ ಮಾತೂ ಹೌದು. ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡಿ, ಹಣ ಪಡೆದದ್ದನ್ನು ಮಾತ್ರ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿಸುವುದು, ನೋಡುವವರಲ್ಲಿ ಅರ್ಧದಷ್ಟು ಜನರಿಗೆ ಅದು ತಿಳಿಯದಿರಲಿ ಎಂಬ ಇಚ್ಛೆಯನ್ನೇ ಸೂಚಿಸುತ್ತದೆ.

ದೋಷಗಳಿಲ್ಲದ ಆಪ್ತರ ನಡುವೆಯೂ ಭಿನ್ನಾಭಿಪ್ರಾಯ ಉಳಿಯುತ್ತದೆ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರ ತನ್ನ ಗ್ರಂಥದಲ್ಲಿ ಹಿತವಾದದ್ದಕ್ಕೂ ಸುಂದರವಾದದ್ದಕ್ಕೂ ನಡುವೆ ಗೆರೆ ಎಳೆದು, ಪಾನೀಯವೊಂದು ಹಿತವೆಂದವನು ‘ತನಗೆ’ ಎಂಬ ಮಾತನ್ನು ಸೇರಿಸಿಕೊಳ್ಳಲು ಸಂಕೋ­ಚಪಡುವುದಿಲ್ಲ ಎಂದು ವಾದಿಸಿದನು. ನಾಲಿಗೆಯ ರುಚಿಗೆ ಸಾರ್ವತ್ರಿಕತೆಯ ಹಕ್ಕಿಲ್ಲವೆಂಬುದು ಅವನ ನಿಲುವು. ಅಷ್ಟು ದೂರ ಹೋಗಬೇಕಾಗಿಲ್ಲ ಎನಿಸುತ್ತದೆ. ಜೈನ ದಾರ್ಶನಿಕರ ‘ನಯ’ ಎಂಬ ಪರಿಕಲ್ಪನೆ, ಎಂದರೆ ವಸ್ತುವನ್ನು ನೋಡುವ ಒಂದು ನಿರ್ದಿಷ್ಟ ನೆಲೆ, ಇಲ್ಲಿ ಹೆಚ್ಚು ಉಪಯುಕ್ತ. ಉಡುಪಿ ಪದ್ಧತಿಯ ಸಾಂಬಾರಿಗೆ ಬೆಲ್ಲ ಬೀಳುತ್ತದೆ. ಕಲಬುರಗಿಯ ಖಾರದಲ್ಲಿ ಬೆಳೆದವರಿಗೆ ಅದು ಸಿಹಿಯೆನಿಸಿದರೆ ದೋಷ ಸಾಂಬಾರಿನದೂ ಅಲ್ಲ, ನಾಲಿಗೆಯದೂ ಅಲ್ಲ. ತಾವು ಯಾವ ಅಡಿಗೆಯಲ್ಲಿ ಬೆಳೆದವರೆಂಬುದನ್ನು ವಿಮರ್ಶಕರು ಮೊದಲೇ ತಿಳಿಸಿದರೆ ನೋಡುಗರು ಅದಕ್ಕೆ ತಕ್ಕಂತೆ ಕಳೆದು ಕೂಡಿಸಿಕೊಳ್ಳುತ್ತಾರೆ. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕರ್ನಾಟಕದ ಹೋಟೆಲುಗಳ ಚರಿತ್ರೆ ಜಾತಿಯ ಪಂಕ್ತಿಭೇದದಿಂದ ಬೇರೆಯಾದದ್ದಲ್ಲ, ಮತ್ತು ಇಂದಿಗೂ ಕೆಲವು ವೀಡಿಯೊಗಳಲ್ಲಿ ‘ಶುದ್ಧ’ವೆಂಬ ಪದ ಅಡಿಗೆಮನೆಯ ಸ್ವಚ್ಛತೆಯನ್ನೂ ಅಡಿಗೆಯವರ ಜಾತಿಯನ್ನೂ ಒಟ್ಟಿಗೆ ಸೂಚಿಸುವಂತೆ ಬಳಕೆಯಾಗುತ್ತದೆ. ಸ್ವಚ್ಛತೆಯನ್ನು ಕ್ಯಾಮೆರಾ ತೋರಿಸಬಲ್ಲದು: ಕೈತೊಳೆಯುವ ಜಾಗ, ಲೋಟ ಅದ್ದುವ ನೀರು, ಇಡ್ಲಿತಟ್ಟೆಯ ಮೇಲೆ ಹಾಸಿದ್ದು ಬಟ್ಟೆಯೋ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಯಾವುದರ ವಿರುದ್ಧ ಕ್ರಮ ಪ್ರಕಟಿಸಿತೋ ಆ ಪ್ಲಾಸ್ಟಿಕ್ ಹಾಳೆಯೋ. ಮಡಿಯು ಇದಾವುದಕ್ಕೂ ಸಂಬಂಧಿಸಿದ್ದಲ್ಲ. ಮಿಲಿಟರಿ ಹೋಟೆಲಿನ ಮುದ್ದೆ-ಸಾರನ್ನೂ ಉಡುಪಿ ಹೋಟೆಲಿನ ಊಟವನ್ನೂ ಒಂದೇ ಗೌರವದಿಂದ ಪರೀಕ್ಷಿಸಲಾರದ ವಿಮರ್ಶಕರ ರುಚಿಯ ಮಾತನ್ನು ನಂಬುವುದು ಕಷ್ಟ.

ಇಷ್ಟೆಲ್ಲ ಸಾಧ್ಯವಾದ ಮೇಲೂ ಧರ್ಮಶ್ರದ್ಧೆಯುಳ್ಳವರಲ್ಲಿ ಒಂದು ಅಳುಕು ಉಳಿಯುತ್ತದೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯು ಅನ್ನವನ್ನು ಬ್ರಹ್ಮವೆಂದು ಅರಿಯುವುದರಿಂದ ಆರಂಭಿಸಿ, ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು, ಹೆಚ್ಚಿಸಬೇಕು ಎಂಬ ವ್ರತಗಳನ್ನು ವಿಧಿಸುತ್ತದೆ. ಪ್ರವಾದಿ ಮುಹಮ್ಮದರು ಯಾವ ಆಹಾರವನ್ನೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಹಾಗಾದರೆ ಉಂಡ ಊಟದ ಕುಂದುಗಳನ್ನು ಲಕ್ಷಾಂತರ ಜನರ ಮುಂದೆ ಎಣಿಸುವುದು ಅನ್ನನಿಂದೆಯಾಗದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರದ ಎಳೆ ಆ ವ್ರತಗಳಲ್ಲಿಯೇ ಇದೆ. ನಿಂದೆಗೆ ಗುರಿಯಾಗಬಾರದ್ದು ಜೀವವನ್ನು ಹೊರುವ ಅನ್ನ. ಬೆಲೆ ಪಡೆದು, ಮಾತು ಕೊಟ್ಟು, ಅದಕ್ಕೆ ತಪ್ಪಿ ಬಡಿಸುವ ವ್ಯವಹಾರ ಅನ್ನವಲ್ಲ. ಹಳಸಿದ ಚಟ್ನಿಯನ್ನು ಹಳಸಿದ್ದೆಂದು ಹೇಳುವವರು ಅನ್ನವನ್ನು ಕೆಡಿಸಿದವರ ಎದುರು ಅನ್ನದ ಪಕ್ಷವನ್ನೇ ವಹಿಸುತ್ತಾರೆ. ನಿಜವಾದ ತಿರಸ್ಕಾರ ನಡೆಯುವುದು ಬೇರೆ ಕಡೆ: ಮೇಜು ತುಂಬುವಷ್ಟು ತರಿಸಿ, ಒಂದೊಂದರಿಂದ ಒಂದೊಂದು ತುತ್ತು ಮುರಿದು, ಚಿತ್ರೀಕರಣ ಮುಗಿದೊಡನೆ ಉಳಿದದ್ದನ್ನೆಲ್ಲ ಎಂಜಲುಮಾಡಿ ಎದ್ದುಹೋಗುವ ವೀಡಿಯೊಗಳಲ್ಲಿ. ಬಾಯ್ತುಂಬ ಹೊಗಳಿದರೂ ಅಲ್ಲಿ ವ್ರತಭಂಗವಾಗಿದೆ. ತಟ್ಟೆ ಬರಿದಾಗುವವರೆಗೆ ಉಣ್ಣುವುದು ಜ್ಞಾನದ ದೃಷ್ಟಿಯಿಂದಲೂ ಅಗತ್ಯ, ಏಕೆಂದರೆ ಶರಣರು ಮೂರನೆಯದಾಗಿ ಎಣಿಸಿದ ತೃಪ್ತಿಯ ಬಗ್ಗೆ ಮಾತನಾಡುವ ಹಕ್ಕು ಪೂರ್ತಿ ಉಂಡವರಿಗೆ ಮಾತ್ರ ಇದೆ; ಮೊದಲ ತುತ್ತಿನಲ್ಲಿ ಬೆರಗು ಹುಟ್ಟಿಸಿದ ಎಣ್ಣೆ ಮತ್ತು ಉಪ್ಪು ಕೊನೆಯ ತುತ್ತಿಗೆ ಬೇಸರ ತರುವುದೂ, ಸಾದಾ ಅನ್ನ-ತಿಳಿಸಾರು ಉಣ್ಣುತ್ತ ಉಣ್ಣುತ್ತ ಹಿತವಾಗುವುದೂ ಅವರಿಗಷ್ಟೇ ಗೊತ್ತು.

ಕುಂದನ್ನು ಹೇಳುವ ಬಗೆಯ ಬಗ್ಗೆ ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ವಿವರಿಸುವ ವಾಙ್ಮಯ ತಪಸ್ಸು, ಎಂದರೆ ಮಾತಿನ ತಪಸ್ಸು, ಸಾಕಷ್ಟು ದಾರಿ ತೋರಿಸುತ್ತದೆ: ಮಾತು ಉದ್ವೇಗ ಹುಟ್ಟಿಸದೆ, ಸತ್ಯವಾಗಿ, ಪ್ರಿಯವಾಗಿ, ಹಿತವಾಗಿ ಇರಬೇಕು. ಇವು ನಾಲ್ಕೂ ಯಾವಾಗಲೂ ಕೂಡಿ ಬರುವುದಿಲ್ಲ. ನೂರಾರು ಶಾಖೆಗಳುಳ್ಳ ಉದ್ಯಮದ ಬಗ್ಗೆ ಕಟುವಾಗಿ ನುಡಿದರೆ ಅದಕ್ಕೆ ಉತ್ತರಿಸುವ ಬಲ ಅದಕ್ಕಿದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ತಳ್ಳುಗಾಡಿಯ ಒಂದು ದಿನದ ಸೀದ ಚಿತ್ರಾನ್ನವನ್ನು ಅದೇ ದನಿಯಲ್ಲಿ ಹಳಿದರೆ ಒಂದು ಕುಟುಂಬದ ದುಡಿಮೆ ನಿಂತುಹೋಗಬಹುದು. ಅಂಥ ಕಡೆ ಕುಂದನ್ನು ಅವರಿಗೇ ನೇರವಾಗಿ ಹೇಳಿ, ವೀಡಿಯೊ ಮಾಡದೆ ಬರುವುದು ಸತ್ಯಕ್ಕೆ ದ್ರೋಹವಲ್ಲ. ಹೊಗಳಿಕೆಯೂ ಹಿಂಸೆಯಾಗುವ ಸಂದರ್ಭಗಳಿವೆ: ಐವತ್ತು ಜನರಿಗೆ ಆಗುವಷ್ಟು ಹಿಟ್ಟು ರುಬ್ಬುವ ಅಂಗಡಿಗೆ ಒಂದೇ ವಾರದಲ್ಲಿ ಐನೂರು ಜನ ಬಂದರೆ ಹಿಟ್ಟು ಹುದುಗುವ ಮೊದಲೇ ಕಾವಲಿಗೆ ಹೋಗುತ್ತದೆ, ನಿತ್ಯದ ಗಿರಾಕಿಗಳು ದೂರವಾಗುತ್ತಾರೆ. ಆ ಜಾಗಕ್ಕೆ ಎಷ್ಟು ಜನರನ್ನು ಬರಮಾಡಿಕೊಳ್ಳುವ ಶಕ್ತಿಯಿದೆ ಎಂದು ಕೇಳಿ ತಿಳಿದು, ಬೇಡವೆಂದರೆ ವಿಳಾಸವನ್ನು ಬಿಟ್ಟುಬಿಡುವ ಸಂಯಮವೂ ವಿಮರ್ಶೆಯ ಗುಣವೇ.

ಈ ವಿಚಾರದ ಅಂಚಿನಲ್ಲಿ ಮಾರಾಟಕ್ಕಿಲ್ಲದ ಊಟ ನಿಂತಿದೆ. ಧರ್ಮಸ್ಥಳ, ಶೃಂಗೇರಿ, ಉಡುಪಿಯ ಕೃಷ್ಣಮಠ, ತುಮಕೂರಿನ ಸಿದ್ಧಗಂಗೆ ಮೊದಲಾದೆಡೆಗಳ ಭೋಜನಶಾಲೆಗಳಿಗೂ ದಾಸೋಹಗಳಿಗೂ ಇಂದು ಕ್ಯಾಮೆರಾಗಳು ಹೋಗುತ್ತಿವೆ, ಪಾಯಸಕ್ಕೂ ಸಾರಿಗೂ ಹತ್ತಕ್ಕೆ ಇಷ್ಟೆಂದು ಅಂಕಗಳು ಬೀಳುತ್ತಿವೆ. ಹೋಟೆಲಿನ ರುಚಿಯನ್ನು ತೂಗುವ ಅಧಿಕಾರ ಬೆಲೆಯ ಕರಾರಿನಿಂದ ಹುಟ್ಟಿದ್ದು. ದಾಸೋಹದಲ್ಲಿ ಆ ಕರಾರಿಲ್ಲ, ಉಣ್ಣುವವರು ಗಿರಾಕಿಗಳಲ್ಲ, ಬಡಿಸುವವರು ಮಾರುವವರಲ್ಲ. ಅಲ್ಲಿ ರುಚಿಗೆ ಅಂಕ ಕೊಡುವುದು ಅಧಿಕಾರವಿಲ್ಲದ ತೀರ್ಪಾಗುತ್ತದೆ. ಸಾವಿರಾರು ಜನರಿಗೆ ಅನ್ನ ಬೇಯುವ ಕೊಪ್ಪರಿಗೆಗಳು, ತರಕಾರಿ ಹೆಚ್ಚುವವರ ಸಾಲು, ಪಂಕ್ತಿಗಳು ಎದ್ದ ಮೇಲೆ ನೆಲ ಒರೆಸುವ ಕ್ರಮ ಇವುಗಳನ್ನು ತೋರಿಸಲು ಅಡ್ಡಿಯೇನೂ ಇಲ್ಲ. ಉಣ್ಣುವವರ ಆರೋಗ್ಯಕ್ಕೆ ಸಂಬಂಧಿಸಿದ ಸ್ವಚ್ಛತೆಯ ಪ್ರಶ್ನೆಯನ್ನು ಹೋಟೆಲಿನಲ್ಲಿ ಕೇಳಿದಷ್ಟೇ ನಿಷ್ಠುರವಾಗಿ ಅಲ್ಲಿಯೂ ಕೇಳಬೇಕು, ಮತ್ತು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಾಗುತ್ತಿದೆಯೇ ಎಂಬುದನ್ನೂ ಕ್ಯಾಮೆರಾ ತಪ್ಪದೆ ನೋಡಬೇಕು.